ಕೂತವರ ಕೋಲಾಟ

ನವರಾತ್ರಿಯ ಸಂಜೆ ಯಶವಂತಪುರ, ಮತ್ತಿಕೆರೆ, ಗೋಕುಲದ ಕಡೆ ಕೋಲಾಟ ನಡೆಯುವ ಆವರಣಗಳಿಗೆ ಹೋದರೆ ಸಾಮಾನ್ಯವಾಗಿ ಎರಡು ಸುತ್ತುಗಳು ಕಾಣುತ್ತವೆ. ಒಳಗಿನದು ಕೋಲು ಹಿಡಿದವರದು, ಹೊರಗಿನದು ಪ್ಲಾಸ್ಟಿಕ್ ಕುರ್ಚಿಗಳದು. ಆ ಕುರ್ಚಿಗಳಲ್ಲಿ ಮಂಡಿ ಸವೆದ ಅಜ್ಜಿಯರಿರುತ್ತಾರೆ, ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿರುತ್ತಾರೆ, ಚಿಕ್ಕಂದಿನಲ್ಲಿ ಪೋಲಿಯೊ ಬಂದು ಈಗ ಐವತ್ತು ದಾಟಿದವರಿರುತ್ತಾರೆ. ಹಾಡು ತಪ್ಪಿದಾಗ ಎತ್ತಿಕೊಡುವವರು ಅವರೇ. ಒಳಗೆ ಕುಣಿಯುವ ಹುಡುಗಿಯರಿಗೆ ಎರಡನೆಯ ನುಡಿ ಬಾರದು. ಕುರ್ಚಿಯಲ್ಲಿ ಕೂತವರಿಗೆ ಆರನೆಯದೂ ಬರುತ್ತದೆ. ಅವರ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಲೇ ಇರುತ್ತವೆ. ಕೋಲನ್ನು ಮಾತ್ರ ಯಾರೂ ಅವರ ಕೈಗೆ ಕೊಟ್ಟಿರುವುದಿಲ್ಲ.

ಈ ಹೊರಸುತ್ತು ಕೋಲಾಟದಷ್ಟೇ ಹಳೆಯದು ಎಂದುಕೊಂಡು ನಾವು ಸುಮ್ಮನಿದ್ದೇವೆ. ಮೈ ಬಗ್ಗುವವರು ಕುಣಿಯುತ್ತಾರೆ, ಬಗ್ಗದವರು ನೋಡುತ್ತಾರೆ, ಇದರಲ್ಲಿ ಚರಿತ್ರೆ ಏನು ಬಂತು ಎಂದು ಯಾರಾದರೂ ಕೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ಕುಣಿಯುವವರ ಮತ್ತು ನೋಡುವವರ ನಡುವೆ ಇಷ್ಟು ಗಟ್ಟಿಯಾದ ಗೆರೆ ಬಿದ್ದದ್ದು ಬಹುಮಟ್ಟಿಗೆ ಕಳೆದ 70 ವರ್ಷಗಳಲ್ಲಿ. ಹಾಗಾಗಿ ಕೈಕಾಲು ಸೋತವರಿಗಾಗಿ ಕೋಲಾಟವನ್ನು ಒಗ್ಗಿಸುವುದು ಎಂದರೆ ಹಳೆಯ ಕಲೆಗೆ ಹೊಸ ಅಪಚಾರ ಮಾಡುವುದು ಎಂಬ ಮಾತು ಚರಿತ್ರೆಯ ಮುಂದೆ ನಿಲ್ಲುವುದು ಕಷ್ಟ.

ಕೋಲಾಟ ಹಳೆಯದು ಎಂಬುದರಲ್ಲಿ ಸಂಶಯವಿಲ್ಲ. ಹಂಪಿಯ ಮಹಾನವಮಿ ದಿಬ್ಬದ ಮೇಲೂ ಹಜಾರರಾಮ ದೇವಾಲಯದ ಪೌಳಿ ಗೋಡೆಯ ಮೇಲೂ ಕುಣಿಯುವವರ ಸಾಲುಗಳಿವೆ. ಕೆಲವರ ಕೈಯಲ್ಲಿ ಕೋಲುಗಳಿವೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಕುಣಿತಗಳನ್ನು ಕಣ್ತುಂಬ ನೋಡಿ ಬರೆದಿಟ್ಟಿದ್ದಾನೆ. ಆದರೆ ಅದು ರಾಜರೆದುರಿನ ಕುಣಿತ. ಕಲ್ಲಿನಲ್ಲಿ ಕಡೆದವರೆಲ್ಲ ಹರೆಯದವರೇ. ಯಾವ ಶಿಲ್ಪಿಯೂ ಊರಿನ ಕಣದಲ್ಲಿ ಬೆಳದಿಂಗಳಿಗೆ ಆಡಿದ ಕೋಲಾಟವನ್ನು ಕೆತ್ತಲು ಹೋಗಿಲ್ಲ. ಅದು ಉಳಿದದ್ದು ಹಾಡುಗಳಲ್ಲಿ ಮತ್ತು ಆಡಿದವರ ನೆನಪಿನಲ್ಲಿ.

ಕಣದ ಕೋಲಾಟಕ್ಕೆ ಹಿಗ್ಗುವ ಕುಗ್ಗುವ ಗುಣವಿತ್ತು. ಹಾಡು ನಿಧಾನದಲ್ಲಿ ಶುರುವಾಗುತ್ತಿತ್ತು. ಆ ನಿಧಾನದಲ್ಲಿ ವಯಸ್ಸಾದವರು ನಾಲ್ಕು ಸುತ್ತು ಹಾಕಿ, ವೇಗ ಏರಿದಾಗ ಹೊರಗೆ ಬಂದು ಜಗುಲಿಯ ಅಂಚಿಗೆ ಕೂತು ಹಾಡು ಹಿಡಿಯುತ್ತಿದ್ದರು. ಅವರ ಜಾಗಕ್ಕೆ ಇನ್ನೊಬ್ಬರು. ಹಾಡು ಹೇಳಿಕೊಡುವವರು ಸುತ್ತಿನ ನಡುವೆ ನಿಂತೂ ಇರಬಹುದು, ಕೂತೂ ಇರಬಹುದು. ಕೂತವರು ಪ್ರೇಕ್ಷಕರಾಗಿಬಿಡುತ್ತಿರಲಿಲ್ಲ, ಏಕೆಂದರೆ ಅವರು ಬಾಯಿ ಮುಚ್ಚಿದರೆ ಕುಣಿತವೂ ನಿಲ್ಲುತ್ತಿತ್ತು. ಈಗ ಆ ಕೆಲಸವನ್ನು ಸ್ಪೀಕರ್ ಮಾಡುತ್ತದೆ. ಧ್ವನಿವರ್ಧಕ ಬಂದು ಹಾಡುವವರನ್ನು ನಿರುದ್ಯೋಗಿಗಳನ್ನಾಗಿಸಿದ ಮೇಲೆಯೇ ಕುರ್ಚಿಯ ಸಾಲು ನಿಜವಾದ ಅರ್ಥದಲ್ಲಿ ಹೊರಗಿನ ಸಾಲಾಯಿತು.

ಹಾಗೆಂದು ಹಳ್ಳಿ ಎಲ್ಲರನ್ನೂ ಒಳಗೆ ಕರೆದುಕೊಂಡಿತ್ತು ಎಂದು ನಂಬುವಷ್ಟು ಭೋಳೆತನ ಬೇಡ. ಯಾರ ಕೋಲಿಗೆ ಯಾರ ಕೋಲು ತಾಗಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಕಾಲು ಊನವಾದವರಿಗೆ ಹೆಸರಿನ ಮುಂದೆ ಅಡ್ಡಹೆಸರೊಂದು ಅಂಟುತ್ತಿತ್ತು. ಆದರೂ ನಡೆಯಲಾಗದವನಿಗೆ ಕಲೆಯಲ್ಲಿ ಒಂದು ಜಾಗವಿದೆ ಎಂಬ ಕಲ್ಪನೆ ನಮ್ಮಲ್ಲಿ ಇರಲಿಲ್ಲವೆನ್ನುವಂತಿಲ್ಲ. ಹೆಳವರನ್ನೇ ನೋಡಿ. ಹೆಳವ ಎಂದರೆ ಕುಂಟ ಎಂದೇ ಅರ್ಥ. ತಮ್ಮ ಮೂಲಪುರುಷ ಕಾಲಿಲ್ಲದವನಾಗಿದ್ದ ಎಂಬ ಕತೆ ಅವರಲ್ಲಿದೆ; ಎತ್ತಿನ ಮೇಲೆ ಕೂತು ಊರೂರಿಗೆ ಬಂದು, ಒಕ್ಕಲುಗಳ ಮನೆತನದ ವಂಶಾವಳಿಯನ್ನು ತಲೆಮಾರುಗಟ್ಟಲೆ ಬಾಯಲ್ಲೇ ಹೇಳುತ್ತಿದ್ದರು. ಕಾಲುಗಳ ಮೇಲೆ ಕಂಬಳಿ ಹೊದ್ದು ಕೂರುವುದು ಆ ವೇಷದ ಭಾಗವೇ ಆಗಿತ್ತು. ನಡೆಯಬಲ್ಲವನೂ ನಡೆಯಲಾಗದವನಂತೆ ಕೂತರೆ ಮಾತ್ರ ಆ ಹಾಡಿಕೆಗೆ ಅಧಿಕಾರ! ಇದಕ್ಕಿಂತ ವಿಚಿತ್ರವಾದ ಗೌರವ ನನಗೆ ಬೇರೆಲ್ಲೂ ಕಂಡಿಲ್ಲ.

ಕೂತು ಆಡುವುದು ಕನ್ನಡದ ರಂಗಕಲೆಗಳಿಗೆ ಹೊಸದೂ ಅಲ್ಲ. ಕರಾವಳಿಯಲ್ಲಿ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ತಾಳಮದ್ದಳೆ ನಡೆಯುತ್ತದೆ. ಅದೇ ಪ್ರಸಂಗ, ಅದೇ ಭಾಗವತಿಕೆ; ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಕೂತೇ ರಾವಣನೂ ಕರ್ಣನೂ ಆಗುತ್ತಾರೆ. ಕುಂದಾಪುರದ ಕಡೆಯ ಹೂವಿನಕೋಲು ಇನ್ನೂ ಹತ್ತಿರದ ಉದಾಹರಣೆ. ನವರಾತ್ರಿಯಲ್ಲಿ ಪುಟ್ಟ ತಂಡವೊಂದು ಮನೆಮನೆಗೆ ಬರುತ್ತದೆ. ಹೂವಿನಿಂದ ಸಿಂಗರಿಸಿದ ಕೋಲುಗಳೊಂದಿಗೆ ಹುಡುಗರು ಚಾವಡಿಯಲ್ಲಿ ಎದುರುಬದುರಾಗಿ ಕೂತು ಪ್ರಸಂಗದ ತುಣುಕೊಂದನ್ನು ಆಡಿ ಮುಂದಿನ ಮನೆಗೆ ಹೋಗುತ್ತಾರೆ. ಇತ್ತ ಮೈಸೂರು ಆಸ್ಥಾನದ ನೃತ್ಯಪರಂಪರೆಯಲ್ಲಿ ಜಟ್ಟಿ ತಾಯಮ್ಮನವರಿಂದ ಕೆ. ವೆಂಕಟಲಕ್ಷಮ್ಮನವರಿಗೆ ಬಂದ ಅಭಿನಯ ಕೂತು ಮಾಡಿದರೂ ಒಂದಿಷ್ಟೂ ಕಡಮೆಯಾಗುವಂಥದ್ದಲ್ಲ. 1906ರಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರಿಗೆ ಪದ್ಮಭೂಷಣ ಬಂದದ್ದು 1992ರಲ್ಲಿ, ಎಂಬತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ಅವರು ಕಣ್ಣು, ಹುಬ್ಬು, ಬೆರಳುಗಳಲ್ಲಿ ತೋರಿಸುತ್ತಿದ್ದುದನ್ನು ಕಂಡವರಾರೂ ಇದು ನೃತ್ಯವಲ್ಲ ಎನ್ನಲಿಲ್ಲ. ಶಾಸ್ತ್ರೀಯಕ್ಕೆ ಒಪ್ಪಿಕೊಂಡದ್ದನ್ನು ಜನಪದಕ್ಕೆ ಯಾಕೆ ನಿರಾಕರಿಸಬೇಕು?

ನಿರಾಕರಣೆ ಬಂದ ದಾರಿ ವೇದಿಕೆಯದು. 1953ರಲ್ಲಿ ದೆಹಲಿಯಲ್ಲಿ ಗಣರಾಜ್ಯೋತ್ಸವದ ಜೊತೆ ಜನಪದ ನೃತ್ಯೋತ್ಸವ ಶುರುವಾದಾಗ ರಾಜ್ಯರಾಜ್ಯಗಳಿಂದ ತಂಡಗಳು ಹೊರಟವು. ಹೊಸ ದೇಶಕ್ಕೆ ತನ್ನ ಜನರನ್ನು ತನಗೇ ತೋರಿಸಿಕೊಳ್ಳುವ ಆಸೆಯಿತ್ತು, ಅದನ್ನು ತಪ್ಪೆನ್ನಲಾಗದು. ಆದರೆ ತಂಡ ಎಂದಮೇಲೆ ಸಂಖ್ಯೆ ಗೊತ್ತಾಗಬೇಕು, ಸಮವಸ್ತ್ರ ಬೇಕು, ರಾತ್ರಿಯಿಡೀ ನಡೆಯುತ್ತಿದ್ದುದು ಕೆಲವೇ ನಿಮಿಷಗಳಿಗೆ ಇಳಿಯಬೇಕು. ಕೆಲವೇ ನಿಮಿಷ ಸಿಕ್ಕಾಗ ಯಾರು ನಿಧಾನದ ಭಾಗವನ್ನು ಇಟ್ಟುಕೊಳ್ಳುತ್ತಾರೆ? ಮೊದಲು ಕತ್ತರಿ ಬಿದ್ದದ್ದು ಅದಕ್ಕೇ. ಮುಂದೆ ಶಾಲಾ ಕಾಲೇಜುಗಳ ಸ್ಪರ್ಧೆ, 1995ರಿಂದ ರಾಷ್ಟ್ರೀಯ ಯುವಜನೋತ್ಸವ, ದಸರಾ ಮೆರವಣಿಗೆ. ಡೊಳ್ಳಿನವರು ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಬಾರಿಸಿದಾಗ ಚಪ್ಪಾಳೆ ಹೆಚ್ಚು. ಬೀಸು ಕಂಸಾಳೆಯವರು ಹಿಂದಕ್ಕೆ ಬಾಗಿ ನೆಲ ಮುಟ್ಟಿದಾಗ ಇನ್ನೂ ಹೆಚ್ಚು. ತೀರ್ಪುಗಾರರ ಹಾಳೆಯಲ್ಲಿ ಹಾಡಿನ ಆರನೆಯ ನುಡಿಗೆ ಅಂಕವಿಲ್ಲ. ಎಚ್.ಎಲ್. ನಾಗೇಗೌಡರಂಥವರು 1979ರಲ್ಲಿ ಜಾನಪದ ಪರಿಷತ್ತನ್ನು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟದೆ ಹೋಗಿದ್ದರೆ ಎಷ್ಟೋ ಕಲೆಗಳು ಹೆಸರೂ ಉಳಿಯದೆ ಹೋಗುತ್ತಿದ್ದವು. ಆ ಋಣ ದೊಡ್ಡದು. ಆದರೆ ಉಳಿದ ಕಲೆಗೆ ವಯಸ್ಸೊಂದು ನಿಗದಿಯಾಯಿತು, ಅದೂ ಹದಿನೆಂಟರಿಂದ ಮೂವತ್ತು. ಮೊಣಕಾಲು ಹೋದ ಡೊಳ್ಳಿನ ಕಲಾವಿದನಿಗೆ ಮಾಸಾಶನವೇನೋ ಬಂತು, ಕುಣಿತದೊಳಗೆ ಜಾಗ ಉಳಿಯಲಿಲ್ಲ.

ಬೇರೆ ದೇಶಗಳ ಚರಿತ್ರೆಯಲ್ಲೂ ಇಂಥ ಎಳೆದಾಟವಿದೆ. ಇಂಗ್ಲೆಂಡಿನಲ್ಲಿ ಸೆಸಿಲ್ ಶಾರ್ಪ್ 1911ರಲ್ಲಿ ಜನಪದ ನೃತ್ಯ ಸಂಘ ಸ್ಥಾಪಿಸಿದಾಗ ಹೆಜ್ಜೆಗಳ ಶುದ್ಧತೆಯೇ ಮುಖ್ಯವಾಗಿತ್ತು. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅದೇ ಸಂಘದ ಡೇಸಿ ಡೇಕಿಂಗ್ ಎಂಬಾಕೆ ಫ್ರಾನ್ಸಿಗೆ ಹೋಗಿ, ಗಾಯಗೊಂಡು ಚೇತರಿಸಿಕೊಳ್ಳುತ್ತಿದ್ದ ಸೈನಿಕರಿಗೆ ಊರಿನ ಗುಂಪುಕುಣಿತಗಳನ್ನು ಕಲಿಸಿದಳು. ಶಿಬಿರಕ್ಕೆ ಬರುವವರು ಯಾವ ಮೈಯಲ್ಲಿ ಬರುತ್ತಾರೋ ಆ ಮೈಗೇ ಕಲಿಸಬೇಕಿತ್ತು. ಗಾಲಿಕುರ್ಚಿಯ ಕುಣಿತ ಸಾಧ್ಯವಾಗಲು ಗಾಲಿಕುರ್ಚಿಯೇ ಬದಲಾಗಬೇಕಿತ್ತು. 1933ರಲ್ಲಿ ಅಮೆರಿಕದ ಎವರೆಸ್ಟ್ ಮತ್ತು ಜೆನ್ನಿಂಗ್ಸ್ ಮಡಚುವ ಲೋಹದ ಕುರ್ಚಿ ಮಾಡಿದ ಮೇಲೆ ಕುರ್ಚಿ ಮನೆಯ ಹೊಸ್ತಿಲು ದಾಟಿತು. 1968ರಲ್ಲಿ ಸ್ವೀಡನ್ನಿನ ಎಲ್ಸ್-ಬ್ರಿಟ್ ಲಾರ್ಸನ್ ಅದನ್ನು ಮನರಂಜನೆಯ ಕುಣಿತಕ್ಕೆ ತಂದಳು. ಬರುಬರುತ್ತ ಅದೂ ಸ್ಪರ್ಧೆಯಾಯಿತು. 1998ರಿಂದ ಪ್ಯಾರಾಲಿಂಪಿಕ್ ಸಮಿತಿಯ ಅಡಿಯಲ್ಲಿದೆ, ಈಗ ಪ್ಯಾರಾ ಡಾನ್ಸ್ ಸ್ಪೋರ್ಟ್ ಎಂದು ಹೆಸರು. ಕೂಡಿ ಕುಣಿಯಲು ಹುಟ್ಟಿದ್ದೆಲ್ಲ ಕೊನೆಗೆ ಅಂಕಪಟ್ಟಿಗೆ ಹೋಗಿ ಸೇರುವುದು ನಮ್ಮೊಬ್ಬರ ಚಾಳಿ ಅಲ್ಲವೆಂದು ಸಮಾಧಾನಪಟ್ಟುಕೊಳ್ಳಬಹುದು.

ಬೆಂಗಳೂರಿಗೆ ಈ ವಿಷಯದಲ್ಲಿ ತನ್ನದೇ ಚರಿತ್ರೆಯಿದೆ. ಪೋಲಿಯೊದಿಂದ ಕಾಲು ಕಳೆದುಕೊಂಡಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಸಂಸ್ಥೆ ಎಪಿಡಿ ಎಂಬ ಹೆಸರಿನಲ್ಲಿ ಇವತ್ತಿಗೂ ಲಿಂಗರಾಜಪುರದಲ್ಲಿದೆ. ಅಂಗವಿಕಲರಿಗಾಗಿ ಬೇರೆಯವರು ಕರುಣೆಯಿಂದ ಕಟ್ಟಿದ್ದಲ್ಲ, ಅಂಗವಿಕಲೆಯೊಬ್ಬರು ತಾವೇ ಮುಂದೆ ನಿಂತು ಕಟ್ಟಿದ್ದು. 1994ರಲ್ಲಿ ಮೊಬಿಲಿಟಿ ಇಂಡಿಯಾ ಬಂತು. ಕೃತಕ ಕಾಲು, ಗಾಲಿಕುರ್ಚಿಗಳ ಕೆಲಸ ಅವರದು. ಅಷ್ಟರಲ್ಲಿ 1968ರಲ್ಲಿ ರೂಪುಗೊಂಡ ಜೈಪುರ ಕಾಲು ದೇಶದಲ್ಲೆಲ್ಲ ಹೆಸರಾಗಿತ್ತು. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರುವ, ಚಕ್ಕಳಮಕ್ಕಳ ಹಾಕುವ, ಬರಿಗಾಲಲ್ಲಿ ನಡೆಯುವ ಜನರಿಗೆಂದೇ ಮಾಡಿದ ಕಾಲು ಅದು. 1981ರ ಅಪಘಾತದಲ್ಲಿ ಕಾಲು ಕಳೆದುಕೊಂಡ ಸುಧಾ ಚಂದ್ರನ್ ಆ ಕಾಲು ತೊಟ್ಟು ಮತ್ತೆ ಭರತನಾಟ್ಯಕ್ಕೆ ಬಂದದ್ದು, 'ಮಯೂರಿ' ಸಿನಿಮಾದಲ್ಲಿ ತಮ್ಮ ಕತೆಯನ್ನು ತಾವೇ ಅಭಿನಯಿಸಿದ್ದು ಒಂದು ತಲೆಮಾರಿಗೆ ಗೊತ್ತು. ಕರ್ನಾಟಕದವರೇ ಆದ ಸೈಯದ್ ಸಲ್ಲಾವುದ್ದೀನ್ ಪಾಷಾ ಗಾಲಿಕುರ್ಚಿಯ ಮೇಲೆ ರಾಮಾಯಣವನ್ನೇ ರಂಗಕ್ಕೆ ತಂದರು. ಅವರ ತಂಡದ ಕುರ್ಚಿಗಳು ತಿರುಗುವ ವೇಗ ನೋಡಿದವರಿಗೆ ಗಾಲಿ ಎಂಬುದು ಕೊರತೆಯ ಗುರುತಾಗಿ ಉಳಿಯಲಾರದು.

ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ಇಲ್ಲೂ ವರ್ಷಗಟ್ಟಲೆ ತಾಲೀಮು ಮಾಡಿದ ಕಲಾವಿದರು ವೇದಿಕೆಯ ಮೇಲಿದ್ದಾರೆ. ನಾವು ಕೆಳಗೆ ಕೂತು ಬೆರಗಾಗುತ್ತೇವೆ. ಯಶವಂತಪುರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ಅಜ್ಜಿಗೆ ಯಾರನ್ನೂ ಬೆರಗುಗೊಳಿಸುವ ಇರಾದೆಯಿಲ್ಲ. ತನ್ನ ಮಂಡಿನೋವನ್ನು ಆಕೆ ಅಂಗವಿಕಲತೆ ಎಂದು ಕರೆಯುವುದೂ ಇಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರು, ಅವರಲ್ಲಿ ಸುಮಾರು 54 ಲಕ್ಷ ಮಂದಿಗೆ ಚಲನೆಯ ತೊಂದರೆ. ಕರ್ನಾಟಕದ ಒಟ್ಟು ಲೆಕ್ಕ 13.24 ಲಕ್ಷ. ಆ ಅಜ್ಜಿ ಈ ಯಾವ ಲೆಕ್ಕದಲ್ಲೂ ಬಂದಿರಲಾರಳು. ಆಕೆಗೆ ಬೇಕಿರುವುದು ಸುತ್ತಿನಲ್ಲಿ ಒಂದು ಜಾಗ.

ಆ ಜಾಗ ಮಾಡುವುದು ಹೇಗೆ ಎಂದು ಯೋಚಿಸಿದರೆ ಕೋಲಾಟದ ಒಡಲು ಏನೆಂಬುದು ತಾನಾಗಿ ತಿಳಿಯುತ್ತದೆ. ಹೊರನೋಟಕ್ಕೆ ತೊಡಕು ಕಾಲಿನದು ಅನ್ನಿಸುತ್ತದೆ. ಆದರೆ ಕಾಲಿನ ಹೆಜ್ಜೆಯನ್ನು ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಿ ಹಾಕಬಹುದು, ಅದೂ ಆಗದಿದ್ದರೆ ಹೆಗಲಿನಲ್ಲಿ ಹಾಕಬಹುದು, ತಾಳ ತಪ್ಪುವುದಿಲ್ಲ. ನಿಜವಾದ ತೊಡಕು ಜೋಡಿ ಬದಲಾಗುವುದರಲ್ಲಿದೆ. ಕೋಲಾಟದಲ್ಲಿ ಎದುರಿನವರ ಕೋಲಿಗೆ ಪೆಟ್ಟು ಕೊಟ್ಟು, ತಿರುಗಿ, ಮುಂದಿನವರ ಎದುರಿಗೆ ಹೋಗಿ ನಿಲ್ಲುತ್ತೇವೆ. ಹಾಡು ಮುಗಿಯುವುದರೊಳಗೆ ಸುತ್ತಿನಲ್ಲಿರುವ ಎಲ್ಲರ ಕೋಲೂ ಎಲ್ಲರ ಕೋಲಿಗೂ ತಾಗಿರಬೇಕು. ಸೊಸೆಯ ಕೋಲು ಅತ್ತೆಯ ಕೋಲಿಗೆ, ಮಾತುಬಿಟ್ಟ ಓರಗಿತ್ತಿಯ ಕೋಲಿಗೆ. ಕೂತವರು ಈ ಸುತ್ತಾಟದಲ್ಲಿ ಸೇರುವುದು ಹೇಗೆ?

ಸುಲಭದ ಉಪಾಯ, ಕೂತವರನ್ನು ಒಳಸುತ್ತಿನಲ್ಲಿ ಹೊರಮುಖವಾಗಿ ಕೂರಿಸಿ, ನಡೆಯಬಲ್ಲವರು ಹೊರಸುತ್ತಿನಲ್ಲಿ ಒಳಮುಖವಾಗಿ ಸರಿಯುತ್ತ ಹೋಗುವುದು. ಹೊರಗಿನ ಎಲ್ಲರೂ ಒಳಗಿನ ಎಲ್ಲರನ್ನೂ ಸಂಧಿಸುತ್ತಾರೆ. ಕೈಯಿಲ್ಲದ, ಹಿಂದೆ ಮುಂದೆ ಅಲುಗದ ಕುರ್ಚಿಯಾದರೆ ಸಾಕು. ನಿಂತವರು ಕೋಲನ್ನು ಕೂತವರ ಎದೆಯ ಮಟ್ಟಕ್ಕೆ ಇಳಿಸಿ ಹೊಡೆಯುವುದನ್ನು ಕಲಿಯಬೇಕಷ್ಟೆ. ಒಂದು ಕೊರತೆಯಿದೆ: ಕೂತವರು ಒಬ್ಬರನ್ನೊಬ್ಬರು ಎದುರಾಗುವುದೇ ಇಲ್ಲ, ನೆಟ್ಟ ಕಂಬಗಳಾಗಿಬಿಡುತ್ತಾರೆ. ಎಲ್ಲರೂ ಕೂತು ಒಮ್ಮೆ ಎಡದವರಿಗೆ, ಒಮ್ಮೆ ಬಲದವರಿಗೆ ಪೆಟ್ಟು ಕೊಡುವುದು ಇನ್ನೊಂದು ಕ್ರಮ. ಇದರಲ್ಲಿ ಸಮಾನತೆಯಿದೆ, ಆದರೆ ಹಾಡು ಮುಗಿಯುವವರೆಗೂ ಅದೇ ಇಬ್ಬರು. ನನಗೆ ಹಿಡಿಸುವುದು ಇದಕ್ಕೆ ಸಣ್ಣ ತಿದ್ದುಪಡಿ ಮಾಡಿದ ಕ್ರಮ: ಪ್ರತಿ ನುಡಿ ಮುಗಿದಾಗ ಬಲಗೈಯ ಕೋಲನ್ನು ಬಲಗಡೆಯವರಿಗೆ ದಾಟಿಸುವುದು. ಆಗ ಜನ ಸರಿಯುವ ಬದಲು ಕೋಲು ಸರಿಯುತ್ತದೆ. ಒಂದೊಂದು ಕೋಲಿಗೆ ಒಂದೊಂದು ಬಣ್ಣದ ದಾರ ಸುತ್ತಿದರೆ, ತನ್ನ ಕೋಲು ಎಲ್ಲೆಲ್ಲಿ ಹೋಗಿ ಬಂತೆಂದು ಕೂತವರಿಗೆ ಕಾಣುತ್ತದೆ.

ಗಾಲಿಕುರ್ಚಿ ಬಂದಾಗ ಮತ್ತೊಂದು ಗಂಟು. ಕೈಯಿಂದ ತಳ್ಳಿಕೊಳ್ಳುವ ಕುರ್ಚಿಗೆ ಎರಡೂ ಕೈ ಬೇಕು, ಕೋಲಾಟಕ್ಕೂ ಎರಡೂ ಕೈ ಬೇಕು. ಎರಡು ಕೈಯಲ್ಲಿ ನಾಲ್ಕು ಕೆಲಸ ಆಗುವುದಿಲ್ಲ. ಹಾಗಾಗಿ ಹಿಂದೆ ತಳ್ಳುವವರು ಬೇಕಾಗುತ್ತಾರೆ. ಆ ತಳ್ಳುವವರು ಸಹಾಯಕರೋ ಕುಣಿಯುವವರೋ ಎಂಬುದರಲ್ಲಿ ಎಲ್ಲ ಇದೆ. ಅವರೂ ಹೆಜ್ಜೆ ಹಾಕಿದರೆ, ಕುರ್ಚಿಯನ್ನು ತಾಳಕ್ಕೆ ಸರಿಯಾಗಿ ತಿರುಗಿಸಿದರೆ, ಅಲ್ಲಿಗೆ ಇಬ್ಬರೂ ಸೇರಿ ಒಬ್ಬ ಆಟಗಾರರಾದರು: ಕಾಲು ಒಬ್ಬರದು, ಕೋಲು ಒಬ್ಬರದು. ಗಾಲಿಕುರ್ಚಿಯ ನೃತ್ಯಸ್ಪರ್ಧೆಯಲ್ಲೂ ನಿಂತವರೊಬ್ಬರು, ಕೂತವರೊಬ್ಬರು ಜೊತೆಯಾಗುವ ವಿಭಾಗವಿದೆ. ಪಾರ್ಶ್ವವಾಯುವಿನಿಂದ ಒಂದು ಕೈ ಸೋತವರಿಗೆ ಒಂದೇ ಕೋಲು ಸಾಕು. ಜೋಡಿಯವರು ತಮ್ಮ ಎರಡನೆಯ ಕೋಲಿನಿಂದ ಆ ಖಾಲಿ ಪೆಟ್ಟನ್ನು ತುಂಬಬಹುದು. ಹಿಡಿತ ಕಡಮೆಯಾದವರಿಗೆ ಕೋಲಿನ ಬುಡಕ್ಕೆ ಹಳೆಯ ಸೀರೆಯ ಪಟ್ಟಿ ಸುತ್ತಿ ದಪ್ಪ ಮಾಡಿದರೆ ಹಿಡಿಯುವುದು ಸಲೀಸು. ಕಂಸಾಳೆಗೆ ಇಷ್ಟೂ ಬೇಡ. ಎಡಗೈಯ ಬಟ್ಟಲು ಇದ್ದಲ್ಲೇ ಇರುತ್ತದೆ, ಬಲಗೈಯ ತಟ್ಟೆ ಬಂದು ತಾಗುತ್ತದೆ. ದೇವರಗುಡ್ಡರು ಮಾದೇಶ್ವರನ ಕತೆಯನ್ನು ಕೂತು ಹಾಡುವುದು ಮೊದಲಿಂದಲೂ ಇದ್ದದ್ದೇ.

ಇತ್ತೀಚೆಗೆ ವೈದ್ಯರೂ ಕುಣಿತದ ಕಡೆ ತಿರುಗಿದ್ದಾರೆ. ಪಾರ್ಕಿನ್ಸನ್ ಕಾಯಿಲೆಯವರಿಗೆ ನಡೆಯುವಾಗ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ. ಹೊರಗಿನಿಂದ ತಾಳ ಕೇಳಿಸಿದರೆ ನಡಿಗೆ ಸುಧಾರಿಸುತ್ತದೆಂದು ಮೈಕೆಲ್ ಥಾಟ್ ಮತ್ತವರ ಸಂಗಡಿಗರು 1996ರಲ್ಲಿ ತೋರಿಸಿದರು. 2001ರಲ್ಲಿ ನ್ಯೂಯಾರ್ಕಿನ ಮಾರ್ಕ್ ಮಾರಿಸ್ ನೃತ್ಯತಂಡ ಅಂಥವರಿಗಾಗಿ ತರಗತಿ ತೆರೆಯಿತು. ಪುಣೆಯಲ್ಲಿ ಹೃಷಿಕೇಶ್ ಪವಾರ್ 2010ರಲ್ಲಿ ಶುರುಮಾಡಿದರು. ಒಳ್ಳೆಯದೇ. ನನ್ನ ತಕರಾರು ಒಂದೇ: ಕುಣಿತ ಔಷಧಿಯಾದ ಕೂಡಲೇ ಅದಕ್ಕೊಂದು ಪ್ರಮಾಣ ಬರುತ್ತದೆ, ವಾರಕ್ಕೆ ಎರಡು ಸಲ, ಒಂದೊಂದು ಗಂಟೆ. ರೋಗಿಗಳೆಲ್ಲ ಒಂದು ಕೋಣೆಯಲ್ಲಿ ಸೇರುತ್ತಾರೆ. ಮೊಮ್ಮಕ್ಕಳು ಬೇರೆ ಕೋಣೆಯಲ್ಲಿ ಬೇರೆ ಕುಣಿತ ಕಲಿಯುತ್ತಿರುತ್ತಾರೆ. ಕೋಲಾಟದ ಸುತ್ತಿಗೆ ಎಲ್ಲ ವಯಸ್ಸಿನವರೂ ಬೇಕು.

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೆಯ ಕಲಮು ಸಾಂಸ್ಕೃತಿಕ ಬದುಕು ಮತ್ತು ಮನರಂಜನೆಯ ಹಕ್ಕಿಗೆ ಮೀಸಲು. ಅದರಲ್ಲಿ ನೃತ್ಯದ ಹೆಸರೇ ಇದೆ; ಕಲೆಯ ಪಠ್ಯಕ್ರಮಗಳನ್ನು ಎಲ್ಲರೂ ಭಾಗವಹಿಸುವಂತೆ ಮತ್ತೆ ರೂಪಿಸಬೇಕೆಂಬ ಮಾತೂ ಇದೆ. ಜನಪದ ನೃತ್ಯ ಕಲಿಸುವ ನಮ್ಮ ಕೋರ್ಸುಗಳು ಈ ಕಲಮನ್ನು ಓದಿದಂತಿಲ್ಲ. ಯಶವಂತಪುರದ ಮಟ್ಟಿಗೆ ಹೇಳುವುದಾದರೆ, 2014ರಲ್ಲಿ ಮೆಟ್ರೊ ಬಂದಾಗ ನಿಲ್ದಾಣಕ್ಕೆ ಲಿಫ್ಟ್ ಬಂತು. ಆದರೆ ಲಿಫ್ಟಿನಿಂದ ಇಳಿದು ಫುಟ್‌ಪಾತ್ ದಾಟಿ ಕಾರ್ಯಕ್ರಮ ನಡೆಯುವ ಸಭಾಭವನಕ್ಕೆ ಹೋದರೆ ಎದುರಿಗೆ ಮೆಟ್ಟಿಲು. ತುಮಕೂರು, ಹಾಸನ, ಮಂಡ್ಯಗಳಿಂದ ಎಪಿಎಂಸಿ ಯಾರ್ಡಿಗೂ ಕಾರ್ಖಾನೆಗಳಿಗೂ ದುಡಿಯಲು ಬಂದು ಇಲ್ಲೇ ನೆಲೆನಿಂತವರು ತಂತಮ್ಮ ಊರಿನ ಕೋಲುಪದಗಳನ್ನೂ ತಂದಿದ್ದರು. ಅವರಿಗೆ ಈಗ ಎಪ್ಪತ್ತು, ಎಂಬತ್ತು. ಕಣವೆಂದರೆ ಸಮತಟ್ಟಾದ ನೆಲ, ಅದಕ್ಕೆ ಮೆಟ್ಟಿಲಿರಲಿಲ್ಲ.

ಜಡೆ ಕೋಲಾಟದ ಮಾತು ಉಳಿಯಿತು. ಎತ್ತರದಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಂದೊಂದು ಕೈಗೆ ಹಿಡಿದು, ಒಬ್ಬರ ಒಳಗಿನಿಂದ ಒಬ್ಬರ ಹೊರಗಿನಿಂದ ನುಸುಳುತ್ತ ಜಡೆ ಹೆಣೆಯುತ್ತಾರೆ, ಆಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ ಬಂದು ಬಿಚ್ಚುತ್ತಾರೆ. ಗಾಲಿಕುರ್ಚಿಗೆ ಇದು ಎಲ್ಲಕ್ಕಿಂತ ಕಷ್ಟ. ಕೂತವರನ್ನು ನಡುವೆ ಕೂರಿಸಿ ಕಂಬ ಹಿಡಿಸಿದರಾಯಿತು ಎಂದು ಯಾರಾದರೂ ಸೂಚಿಸಬಹುದು. ಗೌರವದ ಜಾಗ ಕೊಟ್ಟು ಆಟದಿಂದ ದೂರವಿಡುವುದು ನಮಗೆ ಚೆನ್ನಾಗಿ ಬರುವ ವಿದ್ಯೆ. ಆದರೆ ಜಡೆ ಬಿಚ್ಚುವಾಗ ಒಬ್ಬರು ದಾರಿ ತಪ್ಪಿದರೂ ಹಗ್ಗವೆಲ್ಲ ಸಿಕ್ಕಾಗುತ್ತದೆ. ಸುತ್ತುತ್ತಿರುವವರಿಗೆ ಎಲ್ಲಿ ತಪ್ಪಿತೆಂದು ಕಾಣುವುದಿಲ್ಲ. ಕೆಳಗೆ ಕೂತು ತಲೆಯೆತ್ತಿ ನೋಡುವವರಿಗೆ ಕಾಣುತ್ತದೆ. ನಡುವೆ ಕೂತವರ ಕೈಯಲ್ಲಿ ಕಂಬದ ಬದಲು ಹಾಡಿದ್ದರೆ, ಇಂಥ ಬಣ್ಣದವರು ಒಳಗೆ, ಇಂಥ ಬಣ್ಣದವರು ಹೊರಗೆ ಎಂದು ಹಾಡಿನ ನಡುವೆಯೇ ಕೂಗಿ ಹೇಳಿ ಸಿಕ್ಕು ಬಿಡಿಸಬಹುದು. ಆರನೆಯ ನುಡಿ ಬರುವವರಿಗೆ ಅದೇನೂ ಕಷ್ಟವಲ್ಲ.